ಚರ್ಮದ ವಿದ್ಯುತ್ ಅಳೆಯುವಾಗ ಬರುವ ಹೆಸರುಗಳು: ಜಿಎಸ್‌ಆರ್ ಅಂದರೆ ನಿಖರವಾಗಿ ಯಾವುದು?

ಎರಡು ಬೆರಳಿಗೆ ಎಲೆಕ್ಟ್ರೋಡ್ ಅಂಟಿಸಿದಾಗ ಪರದೆಯ ಮೇಲೆ ಮೂಡುವ ಗೆರೆಯನ್ನು ಒಬ್ಬರು ಜಿಎಸ್‌ಆರ್ ಅನ್ನುತ್ತಾರೆ, ಇನ್ನೊಬ್ಬರು ಇಡಿಎ ಅನ್ನುತ್ತಾರೆ, ಮತ್ತೊಬ್ಬರು ಚರ್ಮದ ರೋಧ ಅನ್ನುತ್ತಾರೆ. ಕೈಗೆ ಕಟ್ಟಿಕೊಳ್ಳುವ ಸಾಧನಗಳಲ್ಲಿ ಅದಕ್ಕೆ ‘ಒತ್ತಡದ ಮಟ್ಟ’ ಎಂದೇ ಹೆಸರು. ಈ ನಾಲ್ಕೂ ಒಂದೇ ಅಲ್ಲ. ಒಂದರಲ್ಲಿ ಗೆರೆ ಮೇಲೇರಿದರೆ ಬೆವರು ಹೆಚ್ಚಿದೆ ಎಂದರ್ಥ, ಇನ್ನೊಂದರಲ್ಲಿ ಅದೇ ಬೆವರಿಗೆ ಗೆರೆ ಕೆಳಗಿಳಿಯುತ್ತದೆ. ಈ ಕ್ಷೇತ್ರದಲ್ಲಿ ಹೆಸರು ಬರೀ ಹೆಸರಲ್ಲ. ಯಾವ ಸರ್ಕ್ಯೂಟ್, ಯಾವ ಯೂನಿಟ್, ಗೆರೆಯ ಯಾವ ಭಾಗ ಎಂಬ ಮೂರೂ ಅದರೊಳಗೆ ಅಡಗಿರುತ್ತವೆ. ಹೆಸರು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಮೊದಲು ಚರ್ಮದ ಕಡೆ. ಅಂಗೈ ಮತ್ತು ಅಂಗಾಲಿನಲ್ಲಿ ಎಕ್ರೈನ್ ಬೆವರುಗ್ರಂಥಿಗಳು ಬಹಳ ಒತ್ತಾಗಿವೆ. ಇವುಗಳಿಗೆ ಆಜ್ಞೆ ಬರುವುದು ಸಿಂಪಥೆಟಿಕ್ ನರಗಳಿಂದ, ಅಂದರೆ ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ನರಗಳಿಂದ. ಆದರೆ ಆ ನರದ ತುದಿಯಲ್ಲಿ ಆಜ್ಞೆ ದಾಟಿಸಲು ಬಿಡುಗಡೆಯಾಗುವ ರಾಸಾಯನಿಕ ಅಸಿಟೈಲ್‌ಕೋಲಿನ್, ಹಾಗಾಗಿ ಅಸಿಟೈಲ್‌ಕೋಲಿನ್ ತಡೆಯುವ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗಿರಬಹುದು. ಗ್ರಂಥಿಯಿಂದ ಹೊರಟ ಉಪ್ಪುನೀರು ಸಣ್ಣ ನಾಳದಲ್ಲಿ ಮೇಲೇರುತ್ತದೆ. ಒಣ ಹೊರಪದರ ವಿದ್ಯುತ್ತಿಗೆ ದೊಡ್ಡ ಅಡ್ಡಿ, ಉಪ್ಪುನೀರು ತುಂಬಿದ ನಾಳ ಅದರೊಳಗೆ ತೆರೆದ ದಾರಿ. ಬೆವರು ಚರ್ಮದ ಮೇಲೆ ಕಾಣಿಸುವ ಮೊದಲೇ, ನಾಳ ತುಂಬಿದ ಮಾತ್ರಕ್ಕೆ ಅಳತೆ ಬದಲಾಗುತ್ತದೆ. ಅಂಗೈ ಮುಟ್ಟಿದರೆ ಒಣಗಿಯೇ ಇದೆ, ಆದರೂ ಗೆರೆ ಏರುತ್ತಿದೆ ಅಂದರೆ ಯಂತ್ರ ಸುಳ್ಳು ಹೇಳುತ್ತಿಲ್ಲ.

ಜಿಎಸ್‌ಆರ್ ಎಂಬ ಹಳೆಯ ಹೆಸರು

ಚರ್ಮಕ್ಕೂ ಬೆವರಿಗೂ ವಿದ್ಯುತ್ತಿಗೂ ಇರುವ ನಂಟನ್ನು 1878ರಲ್ಲಿ ಹರ್ಮನ್ ಮತ್ತು ಲುಕ್ಸಿಂಗರ್ ಬೆಕ್ಕಿನ ಪಾದದಲ್ಲಿ ತೋರಿಸಿದರು. 1888ರಲ್ಲಿ ಫ್ರಾನ್ಸಿನ ಫೆರೆ ಹೊರಗಿನಿಂದ ಸಣ್ಣ ಕರೆಂಟ್ ಹಾಯಿಸಿ, ಶಬ್ದ, ವಾಸನೆಯಂಥ ಪ್ರಚೋದನೆ ಸಿಕ್ಕಾಗ ಚರ್ಮದ ರೋಧ ಇಳಿಯುವುದನ್ನು ಕಂಡರು. ಅದರ ಬೆನ್ನಿಗೇ ತಾರ್ಖಾನೊವ್ ಹೊರಗಿನ ಕರೆಂಟೇ ಇಲ್ಲದೆ, ಚರ್ಮದ ಎರಡು ಜಾಗಗಳ ನಡುವೆ ತಾನಾಗಿಯೇ ಇರುವ ವಿಭವ ವ್ಯತ್ಯಾಸ ಬದಲಾಗುವುದನ್ನು ಅಳೆದರು. ಒಂದು ಓಮ್‌ನಲ್ಲಿ ಬರುವ ಅಳತೆ, ಇನ್ನೊಂದು ಮಿಲಿವೋಲ್ಟ್‌ನಲ್ಲಿ ಬರುವ ಅಳತೆ. ಎರಡಕ್ಕೂ ಮುಂದೆ ‘ಗ್ಯಾಲ್ವನಿಕ್’ ಎಂಬ ಒಂದೇ ವಿಶೇಷಣ ಅಂಟಿಕೊಂಡಿತು. ವೆರಾಗುತ್ ‘ಸೈಕೋಗ್ಯಾಲ್ವನಿಕ್ ರಿಫ್ಲೆಕ್ಸ್’ ಅಂದರು, ಬಳಿಕ ‘ಗ್ಯಾಲ್ವನಿಕ್ ಸ್ಕಿನ್ ರೆಸ್ಪಾನ್ಸ್’ ಬಂತು. ಜಿಎಸ್‌ಆರ್ ಅದರ ಗಿಡ್ಡ ರೂಪ.

ಈ ಹೆಸರಿನ ತೊಂದರೆ ಒಂದಲ್ಲ. ರೋಧವೋ ವಾಹಕತೆಯೋ ವಿಭವವೋ ಅದು ಹೇಳುವುದಿಲ್ಲ. ‘ರೆಸ್ಪಾನ್ಸ್’ ಅಂದರೆ ಪ್ರತಿಕ್ರಿಯೆ, ಆದರೆ ಯಾವ ಪ್ರಚೋದನೆಯೂ ಇಲ್ಲದೆ ಹತ್ತು ನಿಮಿಷ ಹರಿಯುವ ಗೆರೆಗೂ ಜನ ಅದನ್ನೇ ಹೇಳುತ್ತಾರೆ. ಕೊನೆಯ ಆರ್ ‘ರೆಸಿಸ್ಟೆನ್ಸ್’ ಎಂದುಕೊಂಡವರೂ ಸಾಕಷ್ಟಿದ್ದಾರೆ. ಅದಕ್ಕೇ 1960ರ ದಶಕದಲ್ಲಿ ‘ಎಲೆಕ್ಟ್ರೋಡರ್ಮಲ್ ಆಕ್ಟಿವಿಟಿ’, ಅಂದರೆ ಇಡಿಎ ಎಂಬ ಕೊಡೆಯಂಥ ಪದ ಬಂತು. ಇಡಿಎ ಎಂದರೆ ಇಡೀ ವಿದ್ಯಮಾನ, ಯಾವುದೋ ಒಂದು ಅಳತೆಯಲ್ಲ. “ಇಡಿಎ 6 ಇತ್ತು” ಅನ್ನುವುದು “ಹವಾಮಾನ 30 ಇತ್ತು” ಅಂದ ಹಾಗೆ. ತಾಪಮಾನವೋ ತೇವಾಂಶವೋ ಗಾಳಿಯ ವೇಗವೋ ಗೊತ್ತಾಗುವುದಿಲ್ಲ.

ಮೂರು ಅಕ್ಷರ, ಮೂರು ಪ್ರಶ್ನೆ

ಇಂದಿನ ಪದ್ಧತಿಯಲ್ಲಿ ಪ್ರತಿ ಅಳತೆಗೂ ಮೂರಕ್ಷರದ ಹೆಸರಿದೆ. ಮೊದಲ ಅಕ್ಷರ ಯಾವಾಗಲೂ ಎಸ್, ಅಂದರೆ ಸ್ಕಿನ್. ಎರಡನೆಯದು ಏನನ್ನು ಅಳೆದಿರಿ ಎಂಬುದು: ಸಿ ಅಂದರೆ ಕಂಡಕ್ಟೆನ್ಸ್, ವಾಹಕತೆ, ಆರ್ ಅಂದರೆ ರೆಸಿಸ್ಟೆನ್ಸ್, ರೋಧ, ಪಿ ಅಂದರೆ ಪೊಟೆನ್ಷಿಯಲ್, ವಿಭವ. ಎಸಿ ಕರೆಂಟ್ ಹಾಯಿಸಿ ಅಳೆಯುವವರಿಗೆ ರೋಧದ ಜಾಗದಲ್ಲಿ ಬರುವ ಇಂಪೀಡೆನ್ಸ್‌ಗೆ ಝೆಡ್, ವಾಹಕತೆಯ ಜಾಗದಲ್ಲಿ ಬರುವ ಅಡ್ಮಿಟೆನ್ಸ್‌ಗೆ ವೈ ಇವೆ. ಮೂರನೆಯ ಅಕ್ಷರ ಗೆರೆಯ ಯಾವ ಭಾಗ ಎಂಬುದು: ಎಲ್ ಅಂದರೆ ಲೆವೆಲ್, ನಿಧಾನವಾಗಿ ಸರಿಯುವ ಮಟ್ಟ, ಆರ್ ಅಂದರೆ ರೆಸ್ಪಾನ್ಸ್, ಮಟ್ಟದ ಮೇಲೆ ಏಳುವ ಅಲೆ. ಹಾಗಾಗಿ ಎಸ್‌ಸಿಎಲ್ ಎಂದರೆ ಚರ್ಮದ ವಾಹಕತೆಯ ಮಟ್ಟ, ಎಸ್‌ಸಿಆರ್ ಎಂದರೆ ವಾಹಕತೆಯ ಪ್ರತಿಕ್ರಿಯೆ, ಎಸ್‌ಪಿಎಲ್ ಎಂದರೆ ವಿಭವದ ಮಟ್ಟ. ಎಸ್‌ಆರ್‌ಆರ್‌ನಲ್ಲಿ ಎರಡು ಆರ್ ಇವೆ, ಮೊದಲನೆಯದು ರೋಧ, ಎರಡನೆಯದು ಪ್ರತಿಕ್ರಿಯೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಎಸ್‌ಸಿಆರ್ ಎಂದರೆ ಥೈರಿಸ್ಟರ್ ನೆನಪಾಗುತ್ತದೆ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹೊರಗಿನಿಂದ ವಿದ್ಯುತ್ ಕೊಟ್ಟು ಅಳೆಯುವ ವಿಧಾನ ಎಕ್ಸೋಸೊಮ್ಯಾಟಿಕ್, ಫೆರೆ ಹಿಡಿದ ದಾರಿ. ಕೊಡದೆ ಅಳೆಯುವುದು ಎಂಡೋಸೊಮ್ಯಾಟಿಕ್, ತಾರ್ಖಾನೊವ್ ಅವರ ದಾರಿ. ಎರಡನೆಯದರಲ್ಲಿ ಎಲೆಕ್ಟ್ರೋಡ್ ಇಡುವ ಕ್ರಮವೇ ಬೇರೆ. ಒಂದು ಅಂಗೈ ಮೇಲೆ, ಇನ್ನೊಂದು ಮುಂದೋಳಿನ ಮೇಲೆ, ಅದೂ ಹೊರಪದರವನ್ನು ಮೆಲ್ಲಗೆ ಉಜ್ಜಿ ತೆಗೆದ ಜಾಗದಲ್ಲಿ. ಅಲೆಯೂ ಒಂದೇ ದಿಕ್ಕಿನದಲ್ಲ: ಮೊದಲು ಋಣ ದಿಕ್ಕಿಗೆ ಇಳಿದು ಆಮೇಲೆ ಧನ ದಿಕ್ಕಿಗೆ ಏರಬಹುದು, ಅಥವಾ ಒಂದೇ ದಿಕ್ಕಿಗೆ ಹೋಗಿ ನಿಲ್ಲಬಹುದು. ಎತ್ತರವನ್ನು ಒಂದು ಸಂಖ್ಯೆಯಲ್ಲಿ ಹೇಳುವುದು ಕಷ್ಟವಾದ್ದರಿಂದ ಇದರ ಬಳಕೆ ಕಡಿಮೆ. ಮುಂದಿನ ಮಾತೆಲ್ಲ ಎಕ್ಸೋಸೊಮ್ಯಾಟಿಕ್, ಡಿಸಿ ಅಳತೆಯ ಬಗ್ಗೆ.

ಬಾತ್‌ರೂಮ್ ತಕ್ಕಡಿಗಳು ದೇಹದ ಕೊಬ್ಬು ಅಳೆಯಲು ಬಳಸುವ ಬಯೋಇಂಪೀಡೆನ್ಸ್ ಇಡಿಎ ಅಲ್ಲ. ಅಲ್ಲಿ ಹತ್ತಾರು ಕಿಲೋಹರ್ಟ್ಸ್ ಕರೆಂಟ್ ಚರ್ಮವನ್ನು ದಾಟಿ ಒಳಗಿನ ಅಂಗಾಂಶವನ್ನು ಅಳೆಯುತ್ತದೆ. ಇಲ್ಲಿ ಬೇಕಾಗಿರುವುದು ಚರ್ಮವೇ.

ರೋಧ ಬಿಟ್ಟು ವಾಹಕತೆ ಏಕೆ

ವಾಹಕತೆ ಅಂದರೆ ರೋಧದ ವಿಲೋಮ. ಯೂನಿಟ್ ಸೀಮೆನ್ಸ್. ಬೆರಳಿನ ಅಳತೆಗೆ ಮೈಕ್ರೋಸೀಮೆನ್ಸ್ ಅನುಕೂಲ. ಹಳೆಯ ಬರಹಗಳಲ್ಲಿ ಕಾಣುವ ಮೈಕ್ರೋಮೋ ಅಂದರೂ ಇದೇ. ಓಮ್ ಪದವನ್ನು ತಿರುಗಿಸಿ ಬರೆದ ಹೆಸರು ಅದು, 1971ರಲ್ಲಿ ಸೀಮೆನ್ಸ್ ಅಧಿಕೃತವಾಯಿತು. ಬಾಯಿಲೆಕ್ಕಕ್ಕೆ ಒಂದು ಸೂತ್ರ ಸಾಕು: 1000ವನ್ನು ಕಿಲೋಓಮ್‌ನಿಂದ ಭಾಗಿಸಿದರೆ ಮೈಕ್ರೋಸೀಮೆನ್ಸ್ ಬರುತ್ತದೆ. 100 ಕಿಲೋಓಮ್ ಅಂದರೆ 10, 500 ಕಿಲೋಓಮ್ ಅಂದರೆ 2.

“ಒಂದು ಇನ್ನೊಂದರ ವಿಲೋಮ ಅಷ್ಟೇ, ಯಾವುದಾದರೇನು?” ಎಂಬ ಪ್ರಶ್ನೆ ಸಹಜ. ಇಬ್ಬರನ್ನು ಪಕ್ಕಪಕ್ಕ ಕೂರಿಸಿ ನೋಡಿ. ಒಬ್ಬರ ರೋಧ 500ರಿಂದ 490 ಕಿಲೋಓಮ್‌ಗೆ ಇಳಿಯಿತು, ಇನ್ನೊಬ್ಬರದು 100ರಿಂದ 90ಕ್ಕೆ. ರೋಧದಲ್ಲಿ ಇಬ್ಬರಿಗೂ 10 ಕಿಲೋಓಮ್ ಬದಲಾವಣೆ. ವಾಹಕತೆಗೆ ತಿರುಗಿಸಿದರೆ ಮೊದಲಿನವರದು 2.00ರಿಂದ 2.04ಕ್ಕೆ, ಎರಡನೆಯವರದು 10.00ರಿಂದ 11.11ಕ್ಕೆ. ಒಂದು 0.04, ಇನ್ನೊಂದು 1.11 ಮೈಕ್ರೋಸೀಮೆನ್ಸ್. ಇಪ್ಪತ್ತೇಳು ಪಟ್ಟು ವ್ಯತ್ಯಾಸ.

ಇವೆರಡರಲ್ಲಿ ವಾಹಕತೆಯ ಲೆಕ್ಕವೇ ಸರಿ ಎನ್ನಲು ಕಾರಣ ಚರ್ಮದ ರಚನೆ. ಬೆವರುನಾಳಗಳು ಒಂದರ ಪಕ್ಕ ಒಂದು ನಿಂತ ಸಮಾಂತರ ದಾರಿಗಳು. ಸಮಾಂತರದಲ್ಲಿ ವಾಹಕತೆಗಳು ನೇರವಾಗಿ ಕೂಡುತ್ತವೆ, ರೋಧಗಳು ಕೂಡುವುದಿಲ್ಲ. ಹತ್ತು ಹೊಸ ನಾಳ ತುಂಬಿದರೆ ವಾಹಕತೆ ಹತ್ತು ನಾಳದಷ್ಟು ಏರುತ್ತದೆ, ಮೊದಲೇ ಎಷ್ಟು ತುಂಬಿದ್ದವು ಎಂಬುದರ ಹಂಗಿಲ್ಲದೆ. ರೋಧದಲ್ಲಾದರೆ ಅದೇ ಹತ್ತು ನಾಳ ಒಣ ಕೈಯಲ್ಲಿ ದೊಡ್ಡ ಇಳಿತ, ಒದ್ದೆ ಕೈಯಲ್ಲಿ ಸಣ್ಣ ಇಳಿತ. ಮನೋವಿಜ್ಞಾನಿಗಳಾದ ಲಿಕ್ಕೆನ್ ಮತ್ತು ವೆನಬಲ್ಸ್ 1971ರಲ್ಲಿ ವಾಹಕತೆಯನ್ನೇ ನೇರವಾಗಿ ಅಳೆಯಬೇಕೆಂದು ಒತ್ತಿ ಹೇಳಿದರು. ಈ ಕ್ಷೇತ್ರದ ಸಂಶೋಧಕರ 1981ರ ಮತ್ತು 2012ರ ಪ್ರಕಟಣಾ ಶಿಫಾರಸುಗಳೂ ಅದೇ ದಾರಿಯವು.

ಹಳೆಯ ದತ್ತಾಂಶ ರೋಧದಲ್ಲಿದ್ದರೆ ಪರಿವರ್ತಿಸಬಹುದು, ಆದರೆ ಪ್ರತಿ ಸ್ಯಾಂಪಲ್ ಅನ್ನೂ ಮೊದಲು ತಿರುಗಿಸಿ, ಆಮೇಲೆ ಸರಾಸರಿ ತೆಗೆಯಿರಿ. 500 ಮತ್ತು 100 ಕಿಲೋಓಮ್‌ಗಳ ಸರಾಸರಿ 300, ಅದರ ವಿಲೋಮ 3.33. ಮೊದಲೇ ತಿರುಗಿಸಿದರೆ 2 ಮತ್ತು 10ರ ಸರಾಸರಿ 6. ಕ್ರಮ ತಪ್ಪಿದ್ದಕ್ಕೆ ಉತ್ತರ ಅರ್ಧದ ಹತ್ತಿರಕ್ಕೆ ಇಳಿಯಿತು. ಎಸ್‌ಆರ್‌ಆರ್ ಅನ್ನೂ ಹಾಗೇ ವಿಲೋಮ ಮಾಡಿ ಎಸ್‌ಸಿಆರ್ ಪಡೆಯಲಾಗದು. ಬರೀ “10 ಕಿಲೋಓಮ್ ಬದಲಾವಣೆ” ಎಂದು ಬರೆದಿಟ್ಟು ಆ ಹೊತ್ತಿನ ಮಟ್ಟ ಬರೆದಿಡದಿದ್ದರೆ ಆ ದತ್ತಾಂಶದಿಂದ ವಾಹಕತೆ ಎಂದಿಗೂ ಹೊರಡುವುದಿಲ್ಲ.

ಮಟ್ಟ ಮತ್ತು ಅಲೆ

ಟಾನಿಕ್, ಫೇಸಿಕ್ ಎಂಬ ಜೋಡಿಯನ್ನು ಎಲ್ಲರೂ ಬಳಸುತ್ತಾರೆ. ಟಾನಿಕ್ ಅಂದರೆ ನಿಮಿಷಗಳ ಅಳತೆಯಲ್ಲಿ ಸರಿಯುವ ಎಸ್‌ಸಿಎಲ್, ಬೆರಳಿನಲ್ಲಿ ಸಾಮಾನ್ಯವಾಗಿ 2ರಿಂದ 20 ಮೈಕ್ರೋಸೀಮೆನ್ಸ್. ಫೇಸಿಕ್ ಅಂದರೆ ಸೆಕೆಂಡುಗಳ ಅಳತೆಯಲ್ಲಿ ಎದ್ದು ಬೀಳುವ ಎಸ್‌ಸಿಆರ್, ಹೆಚ್ಚಾಗಿ 0.1ರಿಂದ 1 ಮೈಕ್ರೋಸೀಮೆನ್ಸ್. ಅಲೆಗಳೂ ಸೇರಿದ ಗೆರೆಯ ಸರಾಸರಿಯನ್ನೇ ಎಸ್‌ಸಿಎಲ್ ಎಂದು ಬರೆಯುವುದು ಬಲು ಸಾಮಾನ್ಯ ತಪ್ಪು. ಅಲೆ ಹೆಚ್ಚಾದಷ್ಟೂ ಆ ಸರಾಸರಿ ಉಬ್ಬುತ್ತದೆ. ಅಲೆಯಿಲ್ಲದ ಜಾಗಗಳ ಮೌಲ್ಯಗಳನ್ನಷ್ಟೇ ಹೆಕ್ಕಿ ಸರಾಸರಿ ತೆಗೆದರೆ ಅದು ನಿಜವಾದ ಮಟ್ಟ.

ಈಗ ಒಂದೇ ಒಂದು ಅಲೆಯನ್ನು ಹತ್ತಿರದಿಂದ ನೋಡೋಣ. ಶೂನ್ಯ ಸೆಕೆಂಡಿನಲ್ಲಿ ಒಂದು ಶಬ್ದ ಕೇಳಿಸಿದಿರಿ ಅಂದುಕೊಳ್ಳಿ. 1.8 ಸೆಕೆಂಡಿನವರೆಗೆ ಗೆರೆ 6.20ರಲ್ಲೇ ಇತ್ತು, ಅಲ್ಲಿಂದ ಏರತೊಡಗಿ 3.9 ಸೆಕೆಂಡಿಗೆ 6.58 ಮುಟ್ಟಿತು, ಮತ್ತೆ ನಿಧಾನಕ್ಕೆ ಇಳಿಯತೊಡಗಿ 8.1 ಸೆಕೆಂಡಿಗೆ 6.39ಕ್ಕೆ ಬಂತು. ಶಬ್ದದಿಂದ ಏರಿಕೆ ಶುರುವಾಗುವವರೆಗಿನ 1.8 ಸೆಕೆಂಡು ಲೇಟೆನ್ಸಿ. ಶುರುವಿನಿಂದ ಶಿಖರದವರೆಗಿನ 2.1 ಸೆಕೆಂಡು ರೈಸ್ ಟೈಮ್. ಶಿಖರದಿಂದ ಶುರುವಿನ ಮೌಲ್ಯ ಕಳೆದರೆ 0.38 ಮೈಕ್ರೋಸೀಮೆನ್ಸ್, ಇದು ಆಂಪ್ಲಿಟ್ಯೂಡ್. ಆ ಎತ್ತರದ ಅರ್ಧ, ಅಂದರೆ 0.19ರಷ್ಟು ಇಳಿಯಲು ಹಿಡಿದ 4.2 ಸೆಕೆಂಡು ಹಾಫ್ ರಿಕವರಿ ಟೈಮ್. ಲೇಟೆನ್ಸಿ ಮತ್ತು ರೈಸ್ ಟೈಮ್ ತಲಾ 1ರಿಂದ 3 ಸೆಕೆಂಡು, ಅರ್ಧ ಇಳಿಯಲು 2ರಿಂದ 10 ಸೆಕೆಂಡು ಹಿಡಿಯುವುದು ಮಾಮೂಲು. ಲೇಟೆನ್ಸಿಯನ್ನು ಶಿಖರದವರೆಗೆ ಎಣಿಸುವವರಿದ್ದಾರೆ. ಅದು ಲೇಟೆನ್ಸಿಯಲ್ಲ, ಲೇಟೆನ್ಸಿಗೆ ರೈಸ್ ಟೈಮ್ ಕೂಡಿಸಿದ್ದು.

ಇಳಿತ ಏರಿಕೆಗಿಂತ ನಿಧಾನ ಎಂಬುದೇ ಮುಂದಿನ ತೊಡಕಿಗೆ ಮೂಲ. 4.8 ಸೆಕೆಂಡಿಗೆ ಇನ್ನೊಂದು ಶಬ್ದ ಬಂತು, 6.4 ಸೆಕೆಂಡಿಗೆ ಗೆರೆ 6.45ರಿಂದ ಮತ್ತೆ ಏರಿ 8.1 ಸೆಕೆಂಡಿಗೆ 6.60 ಮುಟ್ಟಿತು ಅನ್ನಿ. ತಗ್ಗಿನಿಂದ ಶಿಖರಕ್ಕೆ ಅಳೆದರೆ 0.15. ಆದರೆ ಎರಡನೆಯ ಶಬ್ದ ಬಾರದಿದ್ದರೆ ಗೆರೆ ಆ ಹೊತ್ತಿಗೆ 6.39ಕ್ಕೆ ಇಳಿದಿರುತ್ತಿತ್ತು ಎಂದು ಈಗಷ್ಟೇ ನೋಡಿದೆವು. ಹಾಗಾಗಿ ಎರಡನೆಯ ಅಲೆಯ ನಿಜವಾದ ಎತ್ತರ 0.21. ಮೊದಲ ಅಲೆಯ ಅರ್ಧ ಇಳಿಕೆಯ ಸಮಯವಂತೂ ಸಿಗುವುದೇ ಇಲ್ಲ. ಪ್ರಚೋದನೆಗಳ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಬಿಡುವು ಕೊಡಿ ಎನ್ನುವುದು ಇದಕ್ಕೇ. ಬಿಡುವು ಕೊಡಲಾಗದಿದ್ದರೆ ಅಲೆಗಳನ್ನು ಬಿಡಿಸುವ ಸಾಫ್ಟ್‌ವೇರ್ ಬೇಕು.

ಆಂಪ್ಲಿಟ್ಯೂಡ್ ಮತ್ತು ಮ್ಯಾಗ್ನಿಟ್ಯೂಡ್ ಎಂಬ ಎರಡು ಪದಗಳು ಬೇರೆಡೆ ಒಂದೇ ಅರ್ಥದಲ್ಲಿ ಓಡಾಡುತ್ತವೆ, ಇಲ್ಲಿ ಹಾಗಲ್ಲ. ಹತ್ತು ಪ್ರಚೋದನೆ ಕೊಟ್ಟಿರಿ, ಆರಕ್ಕೆ ಅಲೆ ಎದ್ದಿತು, ಆರರ ಎತ್ತರ ಕೂಡಿದರೆ 2.4. ಆಂಪ್ಲಿಟ್ಯೂಡ್ ಎದ್ದ ಅಲೆಗಳ ಸರಾಸರಿ: 2.4 ಭಾಗಿಸು 6, ಅಂದರೆ 0.40. ಮ್ಯಾಗ್ನಿಟ್ಯೂಡ್ ಏಳದವನ್ನೂ ಶೂನ್ಯವಾಗಿ ಸೇರಿಸಿದ ಸರಾಸರಿ: 2.4 ಭಾಗಿಸು 10, ಅಂದರೆ 0.24. ಮುಂದಿನ ಸುತ್ತಿನಲ್ಲಿ ವ್ಯಕ್ತಿ ಶಬ್ದಕ್ಕೆ ಒಗ್ಗಿಹೋಗಿ ಮೂರಕ್ಕಷ್ಟೇ ಅಲೆ ಎದ್ದಿತು, ಮೊತ್ತ 1.2 ಆಯಿತು ಅನ್ನಿ. ಆಂಪ್ಲಿಟ್ಯೂಡ್ ಈಗಲೂ 0.40, ಏನೂ ಬದಲಾಗಿಲ್ಲ ಎನ್ನುತ್ತದೆ. ಮ್ಯಾಗ್ನಿಟ್ಯೂಡ್ 0.12ಕ್ಕೆ ಇಳಿದು ಅಲೆಗಳು ಚಿಕ್ಕವಾದವೇನೋ ಎಂಬ ಭಾವನೆ ಹುಟ್ಟಿಸುತ್ತದೆ. ನಿಜದಲ್ಲಿ ಚಿಕ್ಕವಾಗಿಲ್ಲ, ವಿರಳವಾಗಿವೆ. ಆಂಪ್ಲಿಟ್ಯೂಡ್ ಜೊತೆಗೆ ಎಷ್ಟು ಬಾರಿ ಅಲೆ ಎದ್ದಿತು ಎಂಬ ಪ್ರಮಾಣವನ್ನೂ ಬರೆಯುವುದೇ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಎತ್ತರ ಇದ್ದರೆ ಅಲೆ ಎನ್ನಬೇಕು? ಹಿಂದೆ ಕೈಯಿಂದ ಅಳೆಯುವಾಗ 0.05 ಮೈಕ್ರೋಸೀಮೆನ್ಸ್ ರೂಢಿ, ಈಗ 0.01ರವರೆಗೂ ಇಳಿಸುತ್ತಾರೆ. ಈ ಗಡಿ ಬರೆಯದ ಎಣಿಕೆಗೆ ಅರ್ಥವಿಲ್ಲ. ಅದೇ ಗೆರೆ ಒಂದು ಗಡಿಯಲ್ಲಿ ನಿಮಿಷಕ್ಕೆ ಮೂರು ಅಲೆ, ಇನ್ನೊಂದರಲ್ಲಿ ಎಂಟು ಅಲೆ ತೋರಿಸಬಹುದು.

ಅಲೆಗಳಲ್ಲೂ ಎರಡು ಜಾತಿ. ಪ್ರಚೋದನೆ ಕೊಟ್ಟ 1ರಿಂದ 3, ಕೆಲವರ ಲೆಕ್ಕದಲ್ಲಿ 1ರಿಂದ 4 ಸೆಕೆಂಡಿನ ಕಿಟಕಿಯಲ್ಲಿ ಶುರುವಾದದ್ದು ಇಆರ್-ಎಸ್‌ಸಿಆರ್, ಘಟನೆಗೆ ಸಂಬಂಧಿಸಿದ್ದು. ಉಳಿದದ್ದು ಎನ್‌ಎಸ್-ಎಸ್‌ಸಿಆರ್, ನಾನ್‌ಸ್ಪೆಸಿಫಿಕ್. ಇದನ್ನು ‘ಸ್ಪಾಂಟೇನಿಯಸ್’ ಎಂದೂ ಕರೆಯುತ್ತಿದ್ದರು. ನಾನ್‌ಸ್ಪೆಸಿಫಿಕ್ ಎಂಬುದೇ ಮೇಲು. ಕಾರಣವಿಲ್ಲದೆ ಎದ್ದಿತು ಎಂದಲ್ಲ, ನಾವು ಗುರುತಿಸಿದ ಕಾರಣಕ್ಕೆ ಎದ್ದದ್ದಲ್ಲ ಎಂದಷ್ಟೇ ಅದರ ಅರ್ಥ. ಒಂದು ಯೋಚನೆ, ಒಂದು ನಿಟ್ಟುಸಿರು, ಹೊರಗಿನ ಬಾಗಿಲ ಸದ್ದು ಏನೂ ಆಗಿರಬಹುದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 1ರಿಂದ 3 ಸಾಮಾನ್ಯ.

ಕಿಟಕಿಯನ್ನು ಅಗಲ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಯಾಕೆಂದರೆ ಅಲೆಗಳು ಹೆಚ್ಚು ಸಿಗುತ್ತವೆ. ಅದರ ಬೆಲೆ ಇಷ್ಟು: ಒಬ್ಬರಲ್ಲಿ ನಾನ್‌ಸ್ಪೆಸಿಫಿಕ್ ಅಲೆ ನಿಮಿಷಕ್ಕೆ 6 ಇದ್ದರೆ, 3 ಸೆಕೆಂಡಿನ ಹತ್ತು ಕಿಟಕಿಗಳಲ್ಲಿ ಸರಾಸರಿ ಮೂರು ಅಲೆ ಪ್ರಚೋದನೆಯ ಹಂಗಿಲ್ಲದೆಯೇ ಬಂದು ಬೀಳುತ್ತವೆ. ಕಿಟಕಿ 6 ಸೆಕೆಂಡಾದರೆ ಆರು.

ಹೆಸರು ಸರ್ಕ್ಯೂಟಿಗೆ ಇಳಿದಾಗ

ಶಿಫಾರಸಾದ ಪದ್ಧತಿ ಸ್ಥಿರ ವೋಲ್ಟೇಜ್, 0.5 ವೋಲ್ಟ್. ಪ್ರತಿ ನಾಳಕ್ಕೂ ಅದೇ ವೋಲ್ಟೇಜ್ ಸಿಗುವುದರಿಂದ ಹರಿಯುವ ಕರೆಂಟ್ ವಾಹಕತೆಗೆ ನೇರ ಅನುಪಾತದಲ್ಲಿರುತ್ತದೆ. 5 ಮೈಕ್ರೋಆಂಪಿಯರ್ ಹರಿದರೆ 10 ಮೈಕ್ರೋಸೀಮೆನ್ಸ್. ಸ್ಥಿರ ಕರೆಂಟ್ ಸರ್ಕ್ಯೂಟ್ ಕೊಡುವುದು ರೋಧ. ಅದರಲ್ಲಿ ತೆರೆದ ನಾಳಗಳು ಕಡಿಮೆಯಿದ್ದಾಗ ಇದ್ದಬದ್ದ ಕರೆಂಟೆಲ್ಲ ಆ ಕೆಲವೇ ನಾಳಗಳ ಮೇಲೆ ಬೀಳುತ್ತದೆ.

ಅಗ್ಗದ ಹವ್ಯಾಸಿ ಮಾಡ್ಯೂಲ್‌ಗಳಲ್ಲಿ ಇವೆರಡೂ ಇರುವುದಿಲ್ಲ. ಒಂದು ರೆಸಿಸ್ಟರ್ ಜೊತೆ ಚರ್ಮವನ್ನು ಸರಣಿಯಲ್ಲಿ ಸೇರಿಸಿದ ವೋಲ್ಟೇಜ್ ಡಿವೈಡರ್ ಇರುತ್ತದೆ, 0ರಿಂದ 1023ರವರೆಗಿನ ಸಂಖ್ಯೆ ಹೊರಬರುತ್ತದೆ, ಅದಕ್ಕೆ ‘ಜಿಎಸ್‌ಆರ್ ಮೌಲ್ಯ’ ಎಂದು ಹೆಸರು. ಅದು ರೋಧವೂ ಅಲ್ಲ, ವಾಹಕತೆಯೂ ಅಲ್ಲ, ಎರಡಕ್ಕೂ ವಕ್ರ ಸಂಬಂಧವಿರುವ ವೋಲ್ಟೇಜ್. ಡಿವೈಡರ್‌ನ ರೆಸಿಸ್ಟರ್ ಎಷ್ಟು, ಚರ್ಮ ಮೇಲಿನ ಬದಿಯಲ್ಲಿದೆಯೋ ಕೆಳಗೋ ತಿಳಿದು ಪರಿವರ್ತಿಸುವವರೆಗೆ ಅದರ ಮೇಲೆ ಯಾವ ಲೆಕ್ಕವನ್ನೂ ಮಾಡಬೇಡಿ.

ರೆಸಲ್ಯೂಷನ್, ಅಂದರೆ ಕಾಣಬಲ್ಲ ಅತಿ ಸಣ್ಣ ಬದಲಾವಣೆ, ಇನ್ನೊಂದು ವಿಷಯ. ಆಪ್-ಆಂಪ್ ಎಂಬ ವರ್ಧಕ ಚಿಪ್ಪಿನ ಸರ್ಕ್ಯೂಟಿನಲ್ಲಿ 0.5 ವೋಲ್ಟ್ ಪ್ರಚೋದನೆ, 100 ಕಿಲೋಓಮ್ ಫೀಡ್‌ಬ್ಯಾಕ್ ಇದ್ದರೆ ಪ್ರತಿ ಮೈಕ್ರೋಸೀಮೆನ್ಸ್‌ಗೆ 50 ಮಿಲಿವೋಲ್ಟ್ ಹೊರಬರುತ್ತದೆ. ವೋಲ್ಟೇಜನ್ನು ಸಂಖ್ಯೆಯಾಗಿಸುವ 5 ವೋಲ್ಟಿನ 10 ಬಿಟ್ ಪರಿವರ್ತಕದ ಒಂದು ಮೆಟ್ಟಿಲು 4.9 ಮಿಲಿವೋಲ್ಟ್, ಅಂದರೆ ಸುಮಾರು 0.1 ಮೈಕ್ರೋಸೀಮೆನ್ಸ್. 0.05ರ ಅಲೆ ಅದರ ಕಣ್ಣಿಗೇ ಬೀಳುವುದಿಲ್ಲ. 16 ಬಿಟ್ ಆದರೆ ಮೆಟ್ಟಿಲು 0.0015. ಇದನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ. ಬೆರಳಿನ ಬದಲು 1 ಶೇಕಡಾದ 100 ಕಿಲೋಓಮ್ ರೆಸಿಸ್ಟರ್ ಸಿಕ್ಕಿಸಿ, 10 ಮೈಕ್ರೋಸೀಮೆನ್ಸ್ ಬರಬೇಕು. 1 ಮೆಗಾಓಮ್ ಹಾಕಿದರೆ 1 ಬರಬೇಕು. ಆಮೇಲೆ 100 ಕಿಲೋಓಮ್‌ಗೆ ಸಮಾಂತರವಾಗಿ ಒಂದು ಸ್ವಿಚ್ ಮೂಲಕ 10 ಮೆಗಾಓಮ್ ಸೇರಿಸಿ. ವಾಹಕತೆಗಳು ಕೂಡುವುದರಿಂದ ಒತ್ತಿದಾಗ ನಿಖರವಾಗಿ 0.1 ಏರಬೇಕು. ಎರಡು 10 ಮೆಗಾಓಮ್ ಸರಣಿಯಲ್ಲಿ ಹಾಕಿದರೆ 0.05. ಆ ಏರಿಕೆ ಗೆರೆಯಲ್ಲಿ ಕಾಣದಿದ್ದರೆ ನಿಮ್ಮ ಉಪಕರಣಕ್ಕೆ 0.05ರ ಗಡಿ ಹಾಕುವ ಯೋಗ್ಯತೆ ಇನ್ನೂ ಬಂದಿಲ್ಲ.

ಡಿಸಿ ಕಪ್ಲಿಂಗ್, ಎಸಿ ಕಪ್ಲಿಂಗ್ ಎಂಬ ಬಟನ್ ಕೂಡ ಹೆಸರಿನ ಪ್ರಶ್ನೆಯೇ. ಎಸಿ ಕಪ್ಲಿಂಗ್ ಅಂದರೆ ನಿಧಾನದ ಬದಲಾವಣೆಯನ್ನು ತಡೆಯುವ ಹೈಪಾಸ್ ಫಿಲ್ಟರ್. 0.05 ಹರ್ಟ್ಸ್ ಹೈಪಾಸ್ ಹಾಕಿದ ಕೂಡಲೇ ಎಸ್‌ಸಿಎಲ್ ಮಾಯ. ಆ ಫಿಲ್ಟರಿನ ಕಾಲಸ್ಥಿರಾಂಕ ಸುಮಾರು 3.2 ಸೆಕೆಂಡಾದ್ದರಿಂದ ಅಲೆಗಳೂ ಬೇಗ ಇಳಿದಂತೆ, ಕೆಲವೊಮ್ಮೆ ಬುಡಕ್ಕಿಂತ ಕೆಳಗೆ ಹೋದಂತೆ ಕಾಣುತ್ತವೆ. ಅಂಥ ಗೆರೆಯಲ್ಲಿ ಅಳೆದ ಹಾಫ್ ರಿಕವರಿ ಟೈಮ್ ಫಿಲ್ಟರಿನದು, ಚರ್ಮದ್ದಲ್ಲ. ಸ್ಯಾಂಪ್ಲಿಂಗ್ ನಿಧಾನವಿದ್ದರೆ ಮೊದಲು ವೇಗದ ಏರಿಳಿತ ತಡೆಯುವ ಲೋಪಾಸ್ ಫಿಲ್ಟರ್ ಇರಲೇಬೇಕು. ಇಲ್ಲದಿದ್ದರೆ 25 ಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡಿದಾಗ 49.9 ಹರ್ಟ್ಸ್‌ನ ಮನೆವಿದ್ಯುತ್ತಿನ ಗದ್ದಲ 0.1 ಹರ್ಟ್ಸ್‌ನ ಅಲೆಯಾಗಿ, ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಸೊಗಸಾದ ನಕಲಿ ಎಸ್‌ಸಿಆರ್ ಆಗಿ ಕಾಣಿಸಿಕೊಳ್ಳುತ್ತದೆ.

ಎಲೆಕ್ಟ್ರೋಡ್ ಬೆಳ್ಳಿ–ಬೆಳ್ಳಿಕ್ಲೋರೈಡಿನದಾಗಿರಲಿ. ಉಕ್ಕು, ನಿಕ್ಕಲ್ ಮೇಲೆ ಕರೆಂಟ್ ಹರಿದಂತೆ ಎದುರು ವೋಲ್ಟೇಜ್ ಕಟ್ಟಿಕೊಂಡು ಮಟ್ಟ ತಾನಾಗಿಯೇ ಜಾರುತ್ತದೆ, ಅದನ್ನು ‘ಶಾಂತವಾಗುತ್ತಿದ್ದಾರೆ’ ಎಂದು ಓದುವ ಅಪಾಯವಿದೆ. ಜೋಡಿ ಎಲೆಕ್ಟ್ರೋಡ್‌ಗಳನ್ನು ಜೆಲ್ ಹಚ್ಚಿ ಮುಖಾಮುಖಿ ಇಟ್ಟು ನಡುವಿನ ವೋಲ್ಟೇಜ್ ನೋಡಿ: 5 ಮಿಲಿವೋಲ್ಟ್ ಇದ್ದರೆ 0.5 ವೋಲ್ಟಿನಲ್ಲಿ ಆಗಲೇ ಶೇಕಡಾ 1ರ ದೋಷ. ಜೆಲ್‌ನಲ್ಲಿ ಉಪ್ಪು ಬೆವರಿನಷ್ಟೇ ಇರಬೇಕು, 0.05 ಮೋಲಾರ್ ಸೋಡಿಯಂ ಕ್ಲೋರೈಡ್. ಇಸಿಜಿ, ಇಇಜಿ ಜೆಲ್‌ಗಳಲ್ಲಿ ಉಪ್ಪು ಬಹಳ ಹೆಚ್ಚು, ವಾಹಕತೆ ಸುಳ್ಳಾಗಿ ಏರುತ್ತದೆ. ಜೆಲ್ ಅಂಚಿನಿಂದ ಹರಡಿದರೆ ಸಂಪರ್ಕದ ವಿಸ್ತೀರ್ಣ ದೊಡ್ಡದಾಗುತ್ತದೆ, ವಾಹಕತೆ ವಿಸ್ತೀರ್ಣದ ಜೊತೆಗೇ ಏರುತ್ತದೆ. ಹಾಗಾಗಿ ತೂತಿರುವ ಅಂಟುಪಟ್ಟಿ ಹಾಕಿ ಜಾಗವನ್ನು ಬಿಗಿಯಾಗಿಡಿ. ಕೈ ಬರೀ ನೀರಿನಲ್ಲಿ ತೊಳೆದರೆ ಸಾಕು, ಆಲ್ಕೋಹಾಲ್ ಬೇಡ. ತೋರುಬೆರಳು ಮತ್ತು ನಡುಬೆರಳು, ಎರಡೂ ಒಂದೇ ಕೈಯವು, ಹೆಚ್ಚು ಬಳಸದ ಕೈಯಾದರೆ ಒಳ್ಳೆಯದು. ಎರಡು ಕೈಗೆ ಒಂದೊಂದು ಹಾಕಿ ಎದೆಯ ಮೂಲಕ ಕರೆಂಟ್ ಹಾಯಿಸಬೇಡಿ. ಸ್ವಂತ ಸರ್ಕ್ಯೂಟಾದರೆ ಬ್ಯಾಟರಿಯಲ್ಲೇ ನಡೆಸಿ, ಚಾರ್ಜರಿಗೆ ಸಿಕ್ಕಿಸಿದ ಕಂಪ್ಯೂಟರಿಗೆ ಐಸೊಲೇಷನ್ ಇಲ್ಲದೆ ಜೋಡಿಸಬೇಡಿ.

ಹಾಕಿದ ಮೇಲೆ 5ರಿಂದ 10 ನಿಮಿಷ ಕಾಯಿರಿ, ಜೆಲ್ ಹೊರಪದರಕ್ಕೆ ಇಳಿಯಬೇಕು. ಆ ಹೊತ್ತಿನ ಏರಿಕೆ ಮಟ್ಟವಲ್ಲ. ಮಣಿಕಟ್ಟಿನ ಒಣ ಎಲೆಕ್ಟ್ರೋಡ್‌ಗಳಲ್ಲಿ ಈ ಏರಿಕೆ ಇನ್ನೂ ಹೊತ್ತು ನಡೆಯುತ್ತದೆ, ಪಟ್ಟಿಯಡಿ ತೇವ ಸೇರುವವರೆಗೆ. ನಂತರ ಒಮ್ಮೆ ಆಳವಾಗಿ ಉಸಿರೆಳೆಯಲು ಹೇಳಿ. ಹೆಚ್ಚಿನವರಲ್ಲಿ ಕೆಲವೇ ಸೆಕೆಂಡಿನಲ್ಲಿ ಚೆನ್ನಾದ ಅಲೆ ಏಳುತ್ತದೆ. ಏಳದಿದ್ದರೆ ಮೊದಲು ತಂತಿ ನೋಡಿ, ಆಮೇಲೆ ಕೈ ತಣ್ಣಗಿದೆಯೇ ನೋಡಿ. ಕೋಣೆ 22ರಿಂದ 24 ಡಿಗ್ರಿ ಇದ್ದರೆ ಒಳ್ಳೆಯದು. ಎಲ್ಲ ಸರಿಯಿದ್ದೂ ಅಲೆ ಏಳದವರು ಇದ್ದೇ ಇದ್ದಾರೆ, ಅವರನ್ನು ನಾನ್‌ರೆಸ್ಪಾಂಡರ್ ಎನ್ನುತ್ತಾರೆ. ಉಸಿರಿನ ಈ ಅಲೆ ಪರೀಕ್ಷೆಗೆ ಉಪಕಾರಿ, ಪ್ರಯೋಗದ ನಡುವೆ ಉಪದ್ರವ. ಕೆಮ್ಮು, ನಿಟ್ಟುಸಿರು ಬಂದ ಹೊತ್ತು ಗುರುತು ಹಾಕಿಡಿ. ಅರ್ಧ ಸೆಕೆಂಡಿಗಿಂತ ಬೇಗ ಚಿಮ್ಮಿದ್ದು ಬೆವರಿನ ಕೆಲಸವಲ್ಲ, ಬೆರಳು ಅಲುಗಿದ್ದು.

ಸಾಫ್ಟ್‌ವೇರ್ ಕೊಡುವ ಪದಗಳು

ಲೆಡಾಲ್ಯಾಬ್, ಸಿವಿಎಕ್ಸ್‌ಇಡಿಎ ಮುಂತಾದವು ಗೆರೆಯನ್ನು ಟಾನಿಕ್ ಮತ್ತು ಫೇಸಿಕ್ ಎಂದು ಒಡೆದುಕೊಡುತ್ತವೆ. ಅವು ಕೊಡುವ ‘ಟಾನಿಕ್’ ಒಂದು ಗಣಿತದ ಅಂದಾಜು, ನೀವು ಕೈಯಿಂದ ಹೆಕ್ಕಿದ ಎಸ್‌ಸಿಎಲ್‌ಗೆ ಸರಿಸಮ ಬರಬೇಕೆಂದಿಲ್ಲ. ‘ಫೇಸಿಕ್ ಡ್ರೈವರ್’ ಎಂದರೆ ಚರ್ಮದ ಅಲೆಯಲ್ಲ, ಆ ಅಲೆ ಹುಟ್ಟಿಸಿದ ನರದ ಆಜ್ಞೆಯ ಅಂದಾಜು. ಅದರ ಶಿಖರವನ್ನು ಎಸ್‌ಸಿಆರ್ ಆಂಪ್ಲಿಟ್ಯೂಡ್ ಎನ್ನುವಂತಿಲ್ಲ. ಡ್ರೈವರಿನ ಕೆಳಗಿನ ವಿಸ್ತೀರ್ಣವಾದರೆ ಯೂನಿಟ್ ಮೈಕ್ರೋಸೀಮೆನ್ಸ್-ಸೆಕೆಂಡ್. ಮೊದಲೇ ಝೆಡ್-ಸ್ಕೋರ್ ಮಾಡಿ, ಅಂದರೆ ಸರಾಸರಿ ಕಳೆದು ಮಾನಕ ವಿಚಲನೆಯಿಂದ ಭಾಗಿಸಿ ಕೊಟ್ಟಿದ್ದರೆ ಯೂನಿಟ್ ಅಲ್ಲಿಗೇ ಕಳೆದುಹೋಯಿತು, ಹಾಗಿದ್ದೂ ಗ್ರಾಫಿನ ಬದಿಗೆ ಮೈಕ್ರೋಸೀಮೆನ್ಸ್ ಬರೆದ ಚಿತ್ರಗಳು ಓಡಾಡುತ್ತಿರುತ್ತವೆ.

ಕೊನೆಗೆ ಅರ್ಥದ ಪದಗಳು. ಎಸ್‌ಸಿಎಲ್ ಏರಿತು, ಅಲೆಗಳು ಹೆಚ್ಚಾದವು ಅಂದರೆ ಸಿಂಪಥೆಟಿಕ್ ನರಗಳ ಚಟುವಟಿಕೆ ಹೆಚ್ಚಿತು, ವ್ಯಕ್ತಿ ಹೆಚ್ಚು ಎಚ್ಚೆತ್ತರು ಎನ್ನುವವರೆಗೆ ಹೋಗಬಹುದು. ಭಯವೋ ಸಂತೋಷವೋ ನೋವೋ ಕುತೂಹಲವೋ ಗೆರೆ ಹೇಳುವುದಿಲ್ಲ, ಎಲ್ಲಕ್ಕೂ ಅದು ಮೇಲಕ್ಕೇ ಏರುತ್ತದೆ. ಸುಳ್ಳಿಗೆಂದೇ ಒಂದು ಅಲೆ ಇಲ್ಲ. ‘ಒತ್ತಡದ ಮಟ್ಟ’ ಎಂಬ ಹೆಸರು ಅಳತೆಯದಲ್ಲ, ಅಳತೆಯ ಮೇಲೆ ಯಾರೋ ಮಾಡಿದ ಊಹೆಯದು.

ಒಂದು ಅಳತೆಯನ್ನು ಪೂರ್ತಿ ಬರೆದರೆ ಹೀಗಿರುತ್ತದೆ: “ಎಡಗೈ ತೋರುಬೆರಳು ಮತ್ತು ನಡುಬೆರಳಿನ ತುದಿಗಂಟು, 8 ಮಿಲಿಮೀಟರ್ ವ್ಯಾಸದ ಬೆಳ್ಳಿ–ಬೆಳ್ಳಿಕ್ಲೋರೈಡ್ ಎಲೆಕ್ಟ್ರೋಡ್, 0.05 ಮೋಲಾರ್ ಜೆಲ್, 0.5 ವೋಲ್ಟ್ ಸ್ಥಿರ ವೋಲ್ಟೇಜ್, ಡಿಸಿ ಕಪ್ಲಿಂಗ್, 5 ಹರ್ಟ್ಸ್ ಲೋಪಾಸ್, 100 ಹರ್ಟ್ಸ್ ಸ್ಯಾಂಪ್ಲಿಂಗ್. ಪ್ರಚೋದನೆಯ ನಂತರ 1ರಿಂದ 3 ಸೆಕೆಂಡಿನಲ್ಲಿ ಶುರುವಾಗಿ 0.05 ಮೈಕ್ರೋಸೀಮೆನ್ಸ್ ದಾಟಿದ ಏರಿಕೆಯನ್ನು ಇಆರ್-ಎಸ್‌ಸಿಆರ್ ಎಂದು ಎಣಿಸಿದೆ. ಆಂಪ್ಲಿಟ್ಯೂಡ್ ತಗ್ಗಿನಿಂದ ಶಿಖರಕ್ಕೆ. ಅಲೆ ಏಳದ ಪ್ರಚೋದನೆಗಳನ್ನು ಸೇರಿಸಿಲ್ಲ.” ಇದರಲ್ಲಿ ಕೊನೆಯ ಅರ್ಧ ಸಾಲನ್ನೇ ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಓದುವವರು 0.40 ಸಿಕ್ಕಿದ್ದೋ 0.24 ಸಿಕ್ಕಿದ್ದೋ ಎಂದು ಊಹಿಸುತ್ತ ಕೂರಬೇಕಾಗುತ್ತದೆ.